ಸೂರಿನ ದೋಣಿಗೆ ಜಾಲರಿ ಬೇಕೆ?

ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಹೊಸದಾಗಿ ಮನೆ ಕಟ್ಟಿಸುವವರು, ಹಳೆಯ ಮನೆಯ ಮಾಡನ್ನು ಜೀರ್ಣೋದ್ಧಾರ ಮಾಡಿಸುವವರು, ಈಚಿನ ವರ್ಷಗಳಲ್ಲಿ ಪರಸ್ಪರ ವಿಚಾರಿಸಿಕೊಳ್ಳುವ ಸಂಗತಿಗಳಲ್ಲಿ ಒಂದು, ಸೂರಿನಂಚಿಗೆ ಕಟ್ಟಿದ ನೀರಿನ ದೋಣಿಗೆ ತರಗೆಲೆ ಬೀಳದಂತೆ ಮೇಲೊಂದು ಜಾಲರಿಯನ್ನು ಹೊದಿಸಬೇಕೆ ಬೇಡವೆ ಎಂಬುದು. ಅಂಗಡಿಗಳಲ್ಲಿ ಅದು ಗಟರ್ ಗಾರ್ಡ್ ಎಂಬ ಹೆಸರಿನಲ್ಲಿ ದೊರೆಯುತ್ತದೆ. ಒಮ್ಮೆ ಹಾಕಿಸಿದರೆ ಮುಂದೆ ಏಣಿ ಹತ್ತುವ ಶ್ರಮವೇ ಇಲ್ಲವೆಂಬ ಭರವಸೆಯೂ ಅದರ ಜೊತೆಗೆ ದೊರೆಯುತ್ತದೆ. ವಿಷಯ ಅಲ್ಪವೆಂದು ತೋರಬಹುದು. ಆದರೆ ಮನೆಯ ಗೋಡೆ, ತಳಪಾಯ, ಮಾಡಿನ ಮರಮಟ್ಟು, ಬಾವಿಯ ನೀರು, ಮನೆಮಂದಿಯ ಆರೋಗ್ಯ, ಕೊನೆಗೆ ಏಣಿ ಹತ್ತುವವರ ಪ್ರಾಣ, ಇಷ್ಟೂ ಈ ಅಲ್ಪವಸ್ತುವಿನೊಡನೆ ಸಂಬಂಧ ಪಡೆದಿರುವುದರಿಂದ ಇದನ್ನು ಸಾವಕಾಶವಾಗಿ ಪರ್ಯಾಲೋಚಿಸುವುದು ಯುಕ್ತ.

ನಮ್ಮ ಹಿಂದಿನ ಮನೆಗಳಲ್ಲಿ ಸೂರಿನುದ್ದಕ್ಕೂ ದೋಣಿ ಕಟ್ಟುವ ಪದ್ಧತಿ ಸಾಮಾನ್ಯವಾಗಿ ಇರಲಿಲ್ಲ. ಮಾಡು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿಕೊಂಡಿರುತ್ತಿತ್ತು; ಅಲ್ಲಿಂದ ಧುಮುಕಿದ ನೀರು ಅಂಗಳದ ಅಂಚಿನ ಕಲ್ಲುಕಾಲುವೆಗೆ ಬಿದ್ದು ತೋಟದ ಕಡೆಗೆ ಹರಿದುಹೋಗುತ್ತಿತ್ತು; ಎರಚಲನ್ನು ತಡೆಯಲು ಜಗಲಿಯ ಹೊರಮಗ್ಗುಲಿಗೆ ಅಡಕೆಸೋಗೆಯ ಜಡಿ ಕಟ್ಟುತ್ತಿದ್ದರು. ಎರಡು ಮಾಡುಗಳು ಎದುರುಬದುರಾಗಿ ಇಳಿದು ಕೂಡುವ ಕಡೆಯಲ್ಲಿ, ಮನೆಗೂ ಕೊಟ್ಟಿಗೆಗೂ ನಡುವಣ ಸಂದಿಯಲ್ಲಿ ಮಾತ್ರ, ಅಡಕೆಮರವನ್ನು ಉದ್ದಕ್ಕೆ ಸೀಳಿ ತಿರುಳನ್ನು ತೆಗೆದು ಮಾಡಿದ ದಂಬೆಯನ್ನು ಇಡುತ್ತಿದ್ದರು. ಆ ದಂಬೆ ಕೆಲವು ಮಳೆಗಾಲ ಬಾಳಿ ಲಡ್ಡಾದರೆ ಬದಲಿಗೆ ಇನ್ನೊಂದು ಮರ ತೋಟದಲ್ಲಿಯೇ ಸಿಕ್ಕುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ತರುವಾಯ ಸೋಗೆಯ ಮಾಡಿನ ಸ್ಥಾನವನ್ನೂ ನಾಡಹೆಂಚಿನ ಸ್ಥಾನವನ್ನೂ ಮಂಗಳೂರು ಹೆಂಚು ಕ್ರಮೇಣ ಆಕ್ರಮಿಸಿತಾದರೂ ಸೂರಿನ ರೀತಿ ಬದಲಾಗಲಿಲ್ಲ. ದೋಣಿ ಅನಿವಾರ್ಯವಾದುದು ಸಿಮೆಂಟಿನ ಮನೆಗಳ ಕಾಲದಲ್ಲಿ. ಮಾಡಿನ ಚಾಚು ಕುಗ್ಗಿತು. ಬಣ್ಣ ಬಳಿದ ಗೋಡೆ ಸೂರಿನ ನೀರಿಗೆ ಸಮೀಪವಾಯಿತು. ಸೋರುವ ತಾರಸಿಯ ಮೇಲೆ ತಗಡಿನ ಮಾಡನ್ನು ಎಬ್ಬಿಸುವ ರೂಢಿ ಬಂದಿತು. ಬೇಸಗೆಯಲ್ಲಿ ಬತ್ತುವ ಬಾವಿಗೆ ಮಳೆನೀರನ್ನು ಇಳಿಸಬೇಕೆಂಬ ಸದಪೇಕ್ಷೆಯೂ ಬೆಳೆಯಿತು. ದಂಬೆಯಿದ್ದಲ್ಲಿಗೆ ಜಿ.ಐ. ತಗಡಿನ ದೋಣಿ, ಪಿ.ವಿ.ಸಿ. ಕೊಳವೆಯನ್ನು ಸೀಳಿ ಮಾಡಿಕೊಂಡ ದೋಣಿ, ಕಾರ್ಖಾನೆಯಿಂದಲೇ ಸಿದ್ಧವಾಗಿ ಬರುವ ದೋಣಿ, ಇವು ಬಂದವು.

ಈ ದೋಣಿಯ ಮೇಲೆ ಬೀಳುವ ಹೊರೆ ಎಷ್ಟೆಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ನೂರು ಚದರ ಮೀಟರಿನ ಮಾಡು ನಮ್ಮಲ್ಲಿ ದೊಡ್ಡದೇನೂ ಅಲ್ಲ. ಅದರ ಮೇಲೆ ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಸುರಿದರೆ 5,000 ಲೀಟರ್ ನೀರು ದೋಣಿಯ ಮೂಲಕ ಹಾಯ್ದುಹೋಗಬೇಕು. ಇಪ್ಪತ್ತನಾಲ್ಕು ಗಂಟೆಗಳಲ್ಲಿ 204.4 ಮಿಲಿಮೀಟರನ್ನು ಮೀರಿದ ಮಳೆಯನ್ನು ಹವಾಮಾನ ಇಲಾಖೆ ಅತ್ಯಂತ ಭಾರಿ ಎಂಬ ವರ್ಗಕ್ಕೆ ಸೇರಿಸುತ್ತದೆ. ಘಟ್ಟದ ನೆತ್ತಿಯಲ್ಲಿ ವಾಸಿಸುವವರಿಗೆ ಅಂತಹ ದಿನಗಳು ಅಪರಿಚಿತವಲ್ಲ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರಿಗೂ ಮಿಗಿಲು. ಬೆಂಗಳೂರಿನದು ಸಾವಿರದ ಒಳಗು. ಲಂಡನ್ ನಗರದ್ದು ಸುಮಾರು 600. ಈ ಮೂರು ಅಂಕಿಗಳನ್ನು ನೆನಪಿನಲ್ಲಿಟ್ಟುಕೊಳ್ಳುವುದು ಅವಶ್ಯಕ. ಏಕೆಂದರೆ ಇಂದು ನಮಗೆ ಮಾರಾಟವಾಗುತ್ತಿರುವ ಗಟರ್ ಗಾರ್ಡುಗಳಲ್ಲಿ ಹೆಚ್ಚಿನವು ಶೀತದೇಶಗಳ ಮನೆ, ಅಲ್ಲಿಯ ಮರ, ಅಲ್ಲಿಯ ಮಳೆಗಳನ್ನು ಉದ್ದೇಶಿಸಿ ರೂಪುಗೊಂಡ ಮಾದರಿಗಳು.

ದೋಣಿ ಕಟ್ಟಿಕೊಂಡರೆ ಒದಗುವ ಅನರ್ಥಗಳು ಒಂದೆರಡಲ್ಲ. ಆರು ಅಂಗುಲ ಅಗಲದ ಅರ್ಧವೃತ್ತಾಕಾರದ ದೋಣಿ ತುಂಬಿ ನಿಂತರೆ ಪ್ರತಿಯೊಂದು ಮೀಟರ್ ಉದ್ದಕ್ಕೂ ಹತ್ತಿರಹತ್ತಿರ ಒಂಬತ್ತು ಲೀಟರ್ ನೀರು ಹಿಡಿಯುತ್ತದೆ. ಹತ್ತು ಮೀಟರ್ ಉದ್ದದ ದೋಣಿಯಲ್ಲಿ ಸುಮಾರು ತೊಂಬತ್ತು ಕಿಲೋಗ್ರಾಮು ಭಾರ, ಅದರೊಡನೆ ಒದ್ದೆ ಎಲೆಯ ಭಾರ ಬೇರೆ. ಕೊಕ್ಕೆಗಳು ಬಾಗುತ್ತವೆ, ಬಾಗಿದ ಕಡೆ ನೀರು ಮತ್ತಷ್ಟು ನಿಲ್ಲುತ್ತದೆ. ತುಂಬಿ ಹೊರಚೆಲ್ಲಿದ ನೀರು ಗೋಡೆಗುಂಟ ಇಳಿದು ಸೂರುಹಲಗೆಯನ್ನೂ ಪಕಾಸಿಗಳ ತುದಿಯನ್ನೂ ಕೊಳೆಯಿಸುತ್ತದೆ. ತಗಡಿನ ದೋಣಿಯಾದರೆ ಒದ್ದೆಯೆಲೆಯ ಹೆಂಟೆಯ ಅಡಿಯಲ್ಲಿಯೇ ತುಕ್ಕಿನ ಆರಂಭ. ಹಕ್ಕಿಗಳು ತಂದುಹಾಕಿದ ಅಶ್ವತ್ಥದ ಬೀಜ, ಗೋಳಿಯ ಬೀಜ, ಅಲ್ಲಿ ಮೊಳೆತು ಬೇರನ್ನು ಗೋಡೆಯ ಬಿರುಕಿನೊಳಕ್ಕೆ ಇಳಿಬಿಡುವುದನ್ನು ನಾವೆಲ್ಲ ಕಂಡಿದ್ದೇವೆ. ಎಲ್ಲಕ್ಕಿಂತ ಭಯಂಕರವಾದುದು ಮಳೆಯ ಬಿಡುವಿನಲ್ಲಿ ದೋಣಿಯೊಳಗೆ ನಿಂತ ತಿಳಿನೀರು. ಡೆಂಗ್ಯೂವನ್ನು ಹರಡುವ ಈಡಿಸ್ ಸೊಳ್ಳೆ ಇಂತಹ ನೀರಿನಲ್ಲಿಯೇ ಮೊಟ್ಟೆಯಿಡುತ್ತದೆ; ಅನುಕೂಲ ಹವೆಯಿದ್ದರೆ ಒಂದೆರಡು ವಾರದೊಳಗೆ ಹೊಸ ಸೊಳ್ಳೆಗಳು ರೆಕ್ಕೆ ತಳೆದು ಹೊರಡುತ್ತವೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಎಡೆಗೊಡುವ ಮನೆಯವರಿಗೆ ದಂಡ ವಿಧಿಸುವ ನಿಯಮವನ್ನೇ ತಂದಿತು. ನೆಲದ ಮೇಲಿನ ತೆಂಗಿನ ಚಿಪ್ಪನ್ನು ಕವುಚಿಹಾಕಿದವರು ತಲೆಯ ಮೇಲಿನ ದೋಣಿಯನ್ನು ಮರೆತರೆ ಆ ಎಚ್ಚರ ಅಪೂರ್ಣವಾಗುತ್ತದೆ.

ಹೀಗಿರುವಾಗ ಜಾಲರಿಯೇ ಪರಿಹಾರವೆಂದು ತೋರುವುದು ಸಹಜ. ಆದರೆ ಜಾಲರಿಗಳಲ್ಲಿ ಹಲವು ಜಾತಿಗಳಿವೆ. ಅವುಗಳ ಗುಣದೋಷಗಳೂ ಏಕರೂಪವಲ್ಲ. ಸ್ಪಂಜಿನಂತಹ ದಿಂಡನ್ನು ದೋಣಿಯೊಳಗೆ ತುಂಬುವ ಕ್ರಮವೊಂದಿದೆ, ಉದ್ದನೆಯ ಕುಂಚವನ್ನು ಮಲಗಿಸುವ ಕ್ರಮ ಮತ್ತೊಂದು. ಇವೆರಡನ್ನೂ ನಮ್ಮ ಹವೆಯಲ್ಲಿ ಯಾರೂ ಪರಿಗ್ರಹಿಸಬಾರದೆಂದು ನಿಸ್ಸಂಕೋಚವಾಗಿ ಹೇಳಬಹುದು. ಸ್ಪಂಜು ಜೂನ್ ತಿಂಗಳಲ್ಲಿ ನೆನೆದರೆ ಸೆಪ್ಟೆಂಬರಿನವರೆಗೆ ಒಣಗುವುದಿಲ್ಲ, ಪಾಚಿಗೂ ಮೊಳಕೆಗೂ ಅದು ಸಿದ್ಧಪಡಿಸಿದ ಪಾತಿಯೇ ಸರಿ. ಕುಂಚದ ಕೂದಲಿನ ನಡುವೆ ಸಿಕ್ಕಿಕೊಂಡ ಕಸವನ್ನು ಬಿಡಿಸುವುದು ಬರಿಯ ದೋಣಿಯನ್ನು ಬಳಿದು ತೆಗೆಯುವುದಕ್ಕಿಂತ ಕಷ್ಟ.

ಮೂರನೆಯದು ಮುಚ್ಚಳದ ಜಾತಿ. ದೋಣಿಯನ್ನು ತಗಡಿನಿಂದ ಪೂರ್ತಿಯಾಗಿ ಮುಚ್ಚಿ, ಹೊರ ಅಂಚನ್ನು ದುಂಡಗೆ ಒಳಕ್ಕೆ ಬಾಗಿಸಿ, ಅದರ ಕೆಳಗೆ ಒಂದು ಸೀಳುಗಂಡಿಯನ್ನು ಮಾತ್ರ ಬಿಟ್ಟಿರುತ್ತಾರೆ. ಚೊಂಬನ್ನು ನಿಧಾನವಾಗಿ ಬಗ್ಗಿಸಿದಾಗ ನೀರು ಧಾರೆಯಾಗಿ ಬೀಳದೆ ಚೊಂಬಿನ ಹೊರಮೈಗೆ ಅಂಟಿಕೊಂಡು ಇಳಿಯುವಂತೆ, ಮಾಡಿನಿಂದ ಬಂದ ನೀರು ಈ ದುಂಡಂಚನ್ನು ಸವರಿಕೊಂಡು ಒಳಕ್ಕೆ ಹೊಕ್ಕು ಎಲೆ ಮಾತ್ರ ಹೊರಕ್ಕೆ ಜಾರಿಬೀಳುತ್ತದೆಂಬುದು ಇದರ ತತ್ತ್ವ. ತತ್ತ್ವ ಸಾಧುವಾದುದೇ. ಆದರೆ ಚೊಂಬನ್ನು ರಭಸದಿಂದ ಬಗ್ಗಿಸಿದರೆ ನೀರು ಅಂಟಿಕೊಳ್ಳದೆ ದೂರಕ್ಕೆ ಸಿಡಿಯುತ್ತದೆ; ಕಡಿದಾದ ಹೆಂಚಿನ ಮಾಡಿನ ಮೇಲಿಂದ ಆರಿದ್ರಾ ಮಳೆಯ ವೇಗದಲ್ಲಿ ಬರುವ ನೀರಿನ ವರ್ತನೆಯೂ ಅದೇ. ಎರಡು ಮಾಡುಗಳು ಕೂಡುವ ಮೂಲೆಯಲ್ಲಂತೂ ಎರಡರ ನೀರೂ ಒಂದೇ ಸ್ಥಳಕ್ಕೆ ನುಗ್ಗುವುದರಿಂದ ಮುಚ್ಚಳವನ್ನು ಹಾರಿ ಅಂಗಳಕ್ಕೇ ಬೀಳುತ್ತದೆ. ಮಂದವಾದ ಮಳೆಯ ದೇಶದಲ್ಲಿ ಪ್ರಶಂಸೆ ಪಡೆದ ಈ ಉಪಾಯ ಹೊಸನಗರ, ತೀರ್ಥಹಳ್ಳಿಗಳ ಮಳೆಯಲ್ಲಿಯೂ ಅಷ್ಟೇ ಸಫಲವಾಗುವುದೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ನಾಲ್ಕನೆಯದು ಸೂಕ್ಷ್ಮಜಾಲರಿ, ಸ್ಟೀಲಿನ ಸಣ್ಣ ತಂತಿಗಳಿಂದ ನೇಯ್ದ, ಮರಳಿನ ಕಣವನ್ನೂ ತಡೆಯಬಲ್ಲ ಬಟ್ಟೆಯಂತಹ ವಸ್ತು. ಎಲ್ಲಕ್ಕಿಂತ ದುಬಾರಿಯೂ ಇದೇ. ಕಸವನ್ನು ತಡೆಯುವುದರಲ್ಲಿ ಇದಕ್ಕೆ ಸಮನಾದುದಿಲ್ಲವೆಂಬುದು ನಿಜ. ಆದರೆ ತಿಂಗಳುಗಟ್ಟಲೆ ಬಿಸಿಲು ಕಾಣದ ಮಳೆಗಾಲದಲ್ಲಿ ಇದರ ಮೈಮೇಲೆ ಲೋಳೆಯಂತಹ ಹಾವಸೆಯ ತೆಳುಪೊರೆ ಹಬ್ಬಿದರೆ ಸೂಕ್ಷ್ಮರಂಧ್ರಗಳು ಮುಚ್ಚಿಹೋಗಿ, ನೀರು ಒಳಕ್ಕಿಳಿಯುವುದನ್ನು ಬಿಟ್ಟು ಮೇಲೆಯೇ ಜಾರಿಹೋಗುತ್ತದೆ. ಆಗ ಕೈಗೆ ಬ್ರಷ್ ಹಿಡಿದು ಮೇಲಕ್ಕೆ ಹತ್ತುವುದು ತಪ್ಪುವುದಿಲ್ಲ, ಅದೂ ಪುನರ್ವಸು, ಪುಷ್ಯ ಮಳೆಗಳ ನಡುವೆ, ಜಾರುವ ಮಾಡಿನ ಅಂಚಿಗೆ.

ಕೊನೆಯದು ಸಾದಾ ಜಾಲರಿ: ಕಾಲು ಅಂಗುಲದಷ್ಟು ಕಣ್ಣುಗಳುಳ್ಳ ತಂತಿಬಲೆ ಅಥವಾ ತೂತು ಹೊಡೆದ ತಗಡು. ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕುವುದು, ಊರಿನ ವೆಲ್ಡಿಂಗ್ ಕೆಲಸದವನೇ ಕೂರಿಸಬಲ್ಲನು, ಬೇಡವಾದರೆ ತೆಗೆದಿಡಬಹುದು. ನನ್ನ ಒಲವು ಇದರ ಕಡೆಗೆ. ಆದರೆ ಎಲ್ಲ ಮನೆಗೂ ಅಲ್ಲ.

ಎಲ್ಲ ಮನೆಗೂ ಏಕಲ್ಲವೆಂದರೆ, ನಮ್ಮ ನಾಡಿನ ಋತುಕ್ರಮವೇ ನಮಗೊಂದು ಅನುಕೂಲವನ್ನು ಕೊಟ್ಟಿದೆ, ಜಾಲರಿಯನ್ನು ಮಾರುವವರೂ ಕೊಳ್ಳುವವರೂ ಅದನ್ನು ಗಮನಿಸಿದಂತೆ ಕಾಣುವುದಿಲ್ಲ. ಅಮೆರಿಕದ ಈಶಾನ್ಯ ಸಂಸ್ಥಾನಗಳಲ್ಲಿ ಮೇಪಲ್, ಓಕ್ ಮೊದಲಾದ ಮರಗಳು ಶರತ್ಕಾಲದಲ್ಲಿ ಒಮ್ಮೆಗೇ ಎಲೆಯುದುರಿಸುತ್ತವೆ. ಅದೇ ಕಾಲದಲ್ಲಿ ಮಳೆಯೂ ಬರುತ್ತಿರುತ್ತದೆ, ಅದರ ಬೆನ್ನಿಗೇ ಹಿಮ. ಉದುರಿದ ಎಲೆ ಒಣಗುವ ಮುನ್ನವೇ ನೆನೆದು ದೋಣಿಯಲ್ಲಿ ಹೆಪ್ಪುಗಟ್ಟುವುದರಿಂದ ಅಲ್ಲಿಯವರಿಗೆ ಜಾಲರಿಯ ಅಗತ್ಯ ಹೆಚ್ಚು. ನಮ್ಮಲ್ಲಿಯಾದರೋ ಎಲೆಯುದುರುವ ಮರಗಳು ಬಹುಮಟ್ಟಿಗೆ ಪುಷ್ಯ ಮಾಸದಿಂದ ಫಾಲ್ಗುಣದವರೆಗಿನ ಒಣಹವೆಯಲ್ಲಿ ಬರಿದಾಗಿ, ಮಳೆ ಬರುವಷ್ಟರಲ್ಲಿ ಹೊಸ ಚಿಗುರನ್ನು ಹೊತ್ತು ನಿಂತಿರುತ್ತವೆ. ಎಲೆ ಬೀಳುವ ಕಾಲ ಬೇರೆ, ನೀರು ಹರಿಯುವ ಕಾಲ ಬೇರೆ; ಎರಡರ ನಡುವೆ ಎರಡು ಮೂರು ತಿಂಗಳ ಅವಕಾಶ. ಆ ಅವಕಾಶದಲ್ಲಿ ದೋಣಿಯಲ್ಲಿರುವುದು ಒಣತರಗು. ಒಂದು ಹಿಡಿಸೂಡಿಯಿಂದ ಗುಡಿಸಿಹಾಕಬಹುದಾದಷ್ಟು ಹಗುರವಾದುದು. ಭರಣಿ, ಕೃತ್ತಿಕಾ ಮಳೆಗಳ ಗುಡುಗುಗಾಳಿ ಕಡ್ಡಿಕೊನೆಗಳನ್ನೆಲ್ಲ ಉದುರಿಸಿ ಮುಗಿದ ಮೇಲೆ, ರೋಹಿಣಿ ಮಳೆ ಮುಗಿಯುವುದರೊಳಗೆ, ಒಂದು ಬಾರಿ ದೋಣಿಯನ್ನು ಚೊಕ್ಕಟ ಮಾಡಿಸಿ, ಒಂದು ಕೊಡ ನೀರು ಸುರಿದು ಇಳಿಗೊಳವೆಯವರೆಗೂ ಅದು ತಡೆಯಿಲ್ಲದೆ ಹೋಗುವುದೆ ಎಂದು ಪರೀಕ್ಷಿಸಿಕೊಂಡರೆ ವರ್ಷದ ಕೆಲಸದ ಬಹುಭಾಗ ಮುಗಿದಂತೆ. ಹಿಂದಿನವರು ಹೆಂಚು ಕೈಯಾಡಿಸುವುದಕ್ಕೂ, ಸೌದೆ ಒಳಗಿಡುವುದಕ್ಕೂ ಇದೇ ದಿನಗಳನ್ನು ಆರಿಸಿಕೊಂಡಿದ್ದರು. ಆ ಪಟ್ಟಿಗೆ ದೋಣಿಯನ್ನೂ ಸೇರಿಸಿದರೆ ಸಾಕು.

ಈ ಮಾತಿಗೆ ಅಪವಾದವಾಗುವುದು ಮನೆಯ ಸುತ್ತಲಿನ ಮರಗಳ ಜಾತಿ. ಜಾಲರಿಯ ಬೆಲೆ ವಿಚಾರಿಸುವುದಕ್ಕೆ ಮೊದಲು ಅಂಗಳದಲ್ಲಿ ನಿಂತು ಮೇಲಕ್ಕೆ ನೋಡಬೇಕು. ಮಾಡಿನ ಮೇಲೆ ಮರವೇ ಬಾಗಿಲ್ಲದಿದ್ದರೆ ಜಾಲರಿಯ ಪ್ರಶ್ನೆಯೇ ಏಳುವುದಿಲ್ಲ. ಹಲಸು ನಿತ್ಯಹರಿದ್ವರ್ಣದ ಮರವಾದುದರಿಂದ ವರ್ಷವಿಡೀ ಒಂದೊಂದಾಗಿ ಎಲೆ ಉದುರಿಸುತ್ತದೆ. ಅದರ ದಪ್ಪ ಎಲೆ ಬರಿಯ ದೋಣಿಯಲ್ಲಾದರೆ ಇಳಿಗೊಳವೆಯ ಬಾಯಿಗೆ ಮುಚ್ಚಳವಾಗುತ್ತದೆ, ಸಾದಾ ಜಾಲರಿಯ ಮೇಲಾದರೆ ಗಾಳಿಗೆ ಹಾರಿಹೋಗುತ್ತದೆ ಅಥವಾ ಜಾರಿಬೀಳುತ್ತದೆ. ಆದುದರಿಂದ ಹಲಸು ಮಾವುಗಳ ಕೆಳಗಿನ ಮನೆಗೆ ಜಾಲರಿ ನಿಜವಾಗಿಯೂ ಉಪಕಾರಿ, ಆದರೆ ಅದನ್ನು ಮಟ್ಟವಾಗಿ ಹಾಸದೆ ಮಾಡಿನ ಇಳಿಜಾರನ್ನೇ ಅನುಸರಿಸಿ ಹಾಕಿರಬೇಕು. ಮಟ್ಟವಾದ ಜಾಲರಿಯ ಮೇಲೆ ಒದ್ದೆ ಎಲೆ ಅಂಟಿಕೊಂಡು ಕೂರುತ್ತದೆ. ಗಾಳಿಮರದ ಸೂಜಿಯಂತಹ ಎಳೆಗಳು ಜಾಲರಿಯ ಕಣ್ಣಿನಲ್ಲಿ ನೆಟ್ಟಗೆ ಸಿಕ್ಕಿಕೊಂಡು, ಒಂದರ ಮೇಲೊಂದು ಹೆಣೆದುಕೊಂಡು, ಕೆಲವೇ ವಾರಗಳಲ್ಲಿ ಚಾಪೆಯಾಗುತ್ತವೆ. ಹುಣಸೆ, ನೆಲ್ಲಿ, ಗುಲ್‌ಮೊಹರುಗಳ ಕಿರಿಯೆಲೆ ಸಾದಾ ಜಾಲರಿಯನ್ನು ತೂರಿ ಒಳಕ್ಕೇ ಇಳಿದು ತಳದಲ್ಲಿ ಕೆಸರಾಗುತ್ತದೆ. ಮೇಲೆ ಜಾಲರಿ ಇರುವುದರಿಂದ ಆ ಕೆಸರು ಕಣ್ಣಿಗೂ ಬೀಳದು, ಕೈಗೂ ಎಟುಕದು. ಇಂತಹ ಮರಗಳಿರುವ ಕಡೆ ಕೊಂಬೆಯನ್ನು ಮಾಡಿನಿಂದ ಐದಾರು ಅಡಿ ದೂರಕ್ಕೆ ಸವರಿಸುವುದೇ ಜಾಲರಿಗಿಂತ ಅಗ್ಗವೂ ಶಾಶ್ವತವೂ ಆದ ಉಪಾಯ. ಮಲೆನಾಡಿನವರಿಗೆ ಇನ್ನೊಂದು ಮಾತನ್ನೂ ಹೇಳಬೇಕು: ಮಂಗಗಳ ಹಿಂಡು ಬಂದುಹೋಗುವ ಮನೆಯಲ್ಲಿ ಹಗುರವಾದ ಪ್ಲಾಸ್ಟಿಕ್ ಜಾಲರಿ ಒಂದು ಬೇಸಗೆಯನ್ನೂ ಕಳೆಯಲಾರದು.

ಬೆಂಗಳೂರಿನಂತಹ ನಗರದ ಸಮತಟ್ಟಾದ ತಾರಸಿಗಳಿಗೆ ಈ ಚರ್ಚೆ ಹೆಚ್ಚು ಅನ್ವಯಿಸದು. ಅಲ್ಲಿ ದೋಣಿಯೇ ಇಲ್ಲ, ಇಳಿಗೊಳವೆಯ ಬಾಯಿಗೆ ಗುಮ್ಮಟದಾಕಾರದ ಜಾಲರಿಯೊಂದು ಇದ್ದರಾಯಿತು. ಆದರೆ 2009ರ ಕಾನೂನು ತಿದ್ದುಪಡಿಯ ಮೂಲಕ ಬೆಂಗಳೂರಿನಲ್ಲಿ ನಿರ್ದಿಷ್ಟ ವಿಸ್ತೀರ್ಣವನ್ನು ಮೀರಿದ ನಿವೇಶನಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾದ ಮೇಲೆ ಅಲ್ಲಿ ಬಳಕೆಗೆ ಬಂದ ಸಾಧನಗಳಿಂದ ನಾವು ಕಲಿಯಬೇಕಾದುದು ಒಂದಿದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿದ್ದ ಎ. ಆರ್. ಶಿವಕುಮಾರರು ರೂಪಿಸಿದ ಪಾಪ್‌ಅಪ್ ಫಿಲ್ಟರ್ ಇಳಿಗೊಳವೆಯಲ್ಲಿ ಕೂರುತ್ತದೆ. ಶೋಧಕ ಕಟ್ಟಿಕೊಂಡರೆ ನೀರಿನ ಒತ್ತಡಕ್ಕೆ ಅದು ತಾನಾಗಿಯೇ ಮೇಲಕ್ಕೇಳುತ್ತದೆ, ನೀರು ಹೊರಕ್ಕೆ ಹೋಗುತ್ತದೆ, ಮನೆಯವರಿಗೆ ಕಟ್ಟಿಕೊಂಡ ಸಂಗತಿಯೂ ತಿಳಿಯುತ್ತದೆ. ಯಾವ ಶೋಧಕವಾದರೂ ಒಂದು ದಿನ ಕಟ್ಟಿಕೊಳ್ಳುವುದು ಖಂಡಿತವೆಂದು ಮೊದಲೇ ಒಪ್ಪಿ, ಆ ದಿನ ನೀರಿಗೆ ಅಪಾಯವಿಲ್ಲದ ದಾರಿಯೊಂದನ್ನು ಕಲ್ಪಿಸಿಟ್ಟಿರುವುದೇ ಇದರ ವಿವೇಕ. ನಮ್ಮ ದೋಣಿಗಳಿಗೂ ಇದನ್ನು ಅನ್ವಯಿಸಬೇಕು. ದೋಣಿಯ ಗೋಡೆಯ ಕಡೆಯ ಅಂಚು ಹೊರ ಅಂಚಿಗಿಂತ ಅರ್ಧ ಅಂಗುಲವಾದರೂ ಎತ್ತರವಾಗಿರಲಿ. ಆಗ ತುಂಬಿದ ನೀರು ಅಂಗಳಕ್ಕೆ ಚೆಲ್ಲುವುದೇ ವಿನಾ ಗೋಡೆಗೆ ಹೊರಳುವುದಿಲ್ಲ. ಹತ್ತು ಅಡಿಗೆ ಕಾಲು ಅಂಗುಲದಷ್ಟಾದರೂ ಇಳಿಜಾರು ಇರಲಿ. ಇಳಿಗೊಳವೆ ಕಿರಿದಾಗಿದ್ದರೆ ಜಾಲರಿಗೆ ಹಾಕುವ ಹಣವನ್ನು ಇನ್ನೊಂದು ಇಳಿಗೊಳವೆಗೆ ಹಾಕುವುದು ಲೇಸು. ಎಷ್ಟೋ ಮನೆಗಳಲ್ಲಿ ಎಲೆಯ ಮೇಲೆ ಹೊರಿಸಿದ ದೋಷ ವಾಸ್ತವವಾಗಿ ಕೊಳವೆಯ ಇಕ್ಕಟ್ಟಿನದು.

ಮಳೆನೀರನ್ನು ಕುಡಿಯಲು ಸಂಗ್ರಹಿಸುವವರು ಜಾಲರಿಯನ್ನೇ ನಂಬಿ ಕೂರಬಾರದು. ಹಕ್ಕಿಯ ಹಿಕ್ಕೆ, ಹೆಂಚಿನ ಧೂಳು, ಪಾಚಿ, ಇವು ನೀರಿನಲ್ಲಿ ಬೆರೆತು ಜಾಲರಿಯನ್ನು ದಾಟುತ್ತವೆ. ಮೊದಲ ಮಳೆಗಳ ನೀರನ್ನು ಹೊರಕ್ಕೆ ಬಿಡುವುದೂ ತೊಟ್ಟಿಗೆ ಮೊದಲು ಶೋಧಿಸುವುದೂ ಅವರಿಗೆ ತಪ್ಪದು.

ಇನ್ನು ವೆಚ್ಚದ ಮಾತು. ಮಾರುವವರು ಅಡಿಗೆ ಇಷ್ಟೆಂದು ಹೇಳುವ ದರವನ್ನು ಮನೆಯ ಸುತ್ತಿನ ಸೂರಿನುದ್ದದಿಂದ ಗುಣಿಸಿ, ಬಂದ ಮೊತ್ತ ದೋಣಿ ಚೊಕ್ಕಟ ಮಾಡುವ ಆಳಿನ ಎಷ್ಟು ವರ್ಷದ ಕೂಲಿಗೆ ಸಮನೆಂದು ನೋಡಬೇಕು. ಆ ವರ್ಷಗಳ ಸಂಖ್ಯೆ ಜಾಲರಿಯ ಬಾಳಿಕೆಯನ್ನೇ ಮೀರಿದರೆ, ಕೇವಲ ಹಣದ ದೃಷ್ಟಿಯಿಂದ ಅದು ನಷ್ಟದ ವ್ಯಾಪಾರ. ಒಂದು ಅಂತಸ್ತಿನ, ಕೈಗೆಟಕುವ ಸೂರಿನ ಮನೆಗಳಲ್ಲಿ ಲೆಕ್ಕ ಬಹುಮಟ್ಟಿಗೆ ಹೀಗೆಯೇ ಬರುವುದೆಂದು ನನ್ನ ಭಾವನೆ.

ಆದರೆ ಹಣದ ಲೆಕ್ಕಕ್ಕೆ ಒಳಪಡದ ಒಂದು ಸಂಗತಿ ಉಳಿಯುತ್ತದೆ. ಇಂದು ಮಲೆನಾಡಿನ ಎಷ್ಟೋ ಮನೆಗಳಲ್ಲಿ ಉಳಿದಿರುವವರು ವೃದ್ಧ ದಂಪತಿಗಳಿಬ್ಬರೇ. ಮಕ್ಕಳು ಬೆಂಗಳೂರಿನಲ್ಲಿಯೋ ದೂರದೇಶದಲ್ಲಿಯೋ ಇರುತ್ತಾರೆ. ಕರೆದಾಗ ಬರುವ ಆಳುಗಳೂ ವಿರಳ. ಎಪ್ಪತ್ತು ಕಳೆದ ಯಜಮಾನರು, ಮೂವತ್ತನೆಯ ವಯಸ್ಸಿನಲ್ಲಿ ಮಾಡಿದ ಕೆಲಸವನ್ನು ಈಗಲೂ ಮಾಡಬಲ್ಲೆನೆಂಬ ಧೈರ್ಯದಿಂದ, ಪಾಚಿಗಟ್ಟಿದ ಅಂಗಳದ ಮೇಲೆ ಏಣಿಯನ್ನು ಆನಿಸಿ, ಒಂದು ಕೈಯಲ್ಲಿ ಸೂರನ್ನು ಹಿಡಿದು ಇನ್ನೊಂದು ಕೈಯಲ್ಲಿ ಎಲೆ ಬಾಚುತ್ತಾರೆ. ಹಲವು ಕಡೆ ವಿದ್ಯುತ್ತಿನ ತಂತಿ ಸೂರಿನ ಸಮೀಪದಲ್ಲಿಯೇ ಹಾದಿರುತ್ತದೆ. ಅಲ್ಯೂಮಿನಿಯಮ್ ಏಣಿ ಅದಕ್ಕೆ ತಗುಲಿದರೆ ಪರಿಣಾಮವನ್ನು ಹೇಳಬೇಕಾಗಿಲ್ಲ. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದವರು ಮತ್ತೆ ಮೊದಲಿನಂತೆ ನಡೆದಾಡುವುದು ದುರ್ಲಭ. ಎರಡು ಅಂತಸ್ತಿನ ಮನೆ, ಮೇಲೆ ಬಾಗಿದ ಹಲಸಿನ ಮರ, ಒಳಗೆ ಇಬ್ಬರೇ ವೃದ್ಧರು, ಈ ಮೂರೂ ಕೂಡಿದಲ್ಲಿ ಜಾಲರಿಯ ಬೆಲೆಯನ್ನು ಕೂಲಿಯೊಡನೆ ತೂಗಿ ನೋಡುವುದು ಸಲ್ಲದು. ಅಲ್ಲಿ ಅದನ್ನು ಹಾಕಿಸುವುದೇ ಕರ್ತವ್ಯ.

ಹಾಕಿಸುವುದಾದರೆ ಕೆಲವು ಎಚ್ಚರಗಳು ಅವಶ್ಯ. ಜಾಲರಿ ಮೂರು ನಾಲ್ಕು ಅಡಿಯ ತುಂಡುಗಳಾಗಿದ್ದು, ತಂತಿಯಿಂದಲೋ ಕ್ಲಿಪ್ಪಿನಿಂದಲೋ ಕಟ್ಟಿ, ಬೇಕೆಂದಾಗ ಬಿಚ್ಚುವಂತಿರಬೇಕು. ಅದನ್ನು ಹೆಂಚಿನ ಅಡಿಗೆ ತುರುಕಿ ಹೆಂಚನ್ನು ಎತ್ತಿಟ್ಟರೆ ಆ ಸಂದಿಯಿಂದ ಗಾಳಿಮಳೆ ಒಳನುಗ್ಗುತ್ತದೆ. ಸತುವಿನ ಲೇಪವುಳ್ಳ ಜಿ.ಐ. ದೋಣಿಗೆ ತಾಮ್ರದ ಜಾಲರಿಯನ್ನಾಗಲಿ ತಂತಿಯನ್ನಾಗಲಿ ತಗುಲಿಸಬಾರದು, ಒದ್ದೆಯಲ್ಲಿ ಎರಡು ಲೋಹಗಳು ಕೂಡಿದರೆ ಸತು ಬೇಗ ಸವೆಯುತ್ತದೆ. ಉಪ್ಪುಗಾಳಿಯ ಕರಾವಳಿಯಲ್ಲಿ ಈ ಕ್ಷಯ ಮತ್ತಷ್ಟು ಶೀಘ್ರ. ಇಷ್ಟೆಲ್ಲ ಮಾಡಿದ ಮೇಲೂ ವರ್ಷಕ್ಕೊಮ್ಮೆ ಯಾರಾದರೊಬ್ಬ ಬಲ್ಲವನು ಮೇಲೆ ಹತ್ತಿ ನೋಡಲೇಬೇಕು.

ಆದುದರಿಂದ ನನ್ನ ನಿರ್ಣಯವಿಷ್ಟು: ಮರ ದೂರವಿದ್ದು ಸೂರು ಕೈಗೆಟಕುವ ಮನೆಗೆ ಜಾಲರಿ ಬೇಡ, ಇಳಿಗೊಳವೆಯ ಬಾಯಿಗೊಂದು ತಂತಿಯ ಬುಟ್ಟಿಯೂ ರೋಹಿಣಿ ಮಳೆಯೊಳಗಿನ ಒಂದು ಗುಡಿಸಾಟವೂ ಸಾಕು; ಅಗಲವಾದ ಎಲೆಯ ಮರ ಮೇಲೆ ಬಾಗಿರುವ, ಎತ್ತರವಾದ, ಮುದುಕರೇ ಇರುವ ಮನೆಗೆ ಸಾದಾ ತಂತಿಜಾಲರಿ ಬೇಕು. ದೂರದಲ್ಲಿರುವ ಮಕ್ಕಳಲ್ಲಿ ನನ್ನ ವಿಜ್ಞಾಪನೆಯೆಂದರೆ, ಜಾಲರಿ ಹಾಕಿಸಲಿ ಬಿಡಲಿ, ಮೇ ತಿಂಗಳ ರಜೆಯಲ್ಲಿ ಊರಿಗೆ ಬಂದಾಗ ಮನೆಯ ದೋಣಿಯನ್ನು ತಾವೇ ಮುಂದೆ ನಿಂತು ಚೊಕ್ಕಟ ಮಾಡಿಸಿ ಹೊರಡಬೇಕು, ಮಳೆ ಹಿಡಿದ ಮೇಲೆ ತಂದೆಯವರು ಏಣಿಗೆ ಕೈಹಾಕುವ ಸಂದರ್ಭವನ್ನು ಉಳಿಸಬಾರದು.